ಯಾವ ಹೊಸಹಳ್ಳಿ?

ಕೇಳುಗರೇ, ನಮಸ್ಕಾರ.

ಬಸ್ ಸ್ಟ್ಯಾಂಡಿನಲ್ಲಿ ಹೊಸಹಳ್ಳಿಗೆ ದಾರಿ ಕೇಳಿ ನೋಡಿ. 'ಯಾವ ಹೊಸಹಳ್ಳಿ?' ಅಂತ ತಿರುಗಿ ಕೇಳುತ್ತಾರೆ. ಆ ಹೆಸರಿನ ಊರು ನಮ್ಮಲ್ಲಿ ಒಂದೆರಡಲ್ಲ. ನೆಂಟರ ಮನೆಗೆ ಹೊರಟವರಾದರೆ ಒಂದು ಬಸ್ ತಪ್ಪುತ್ತದೆ, ಅಷ್ಟೆ. ಆದರೆ ಆ ಊರಲ್ಲಿ ಸಾವಿನ ರೋಗ ಹಬ್ಬುತ್ತಿದ್ದರೆ? ಹುಡುಕುತ್ತಿರುವವರು ಆರೋಗ್ಯ ಕಾರ್ಯಕರ್ತರಾಗಿದ್ದರೆ?

2014ರ ಮಾರ್ಚಿನಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಇದೇ ಕಷ್ಟ ಎದುರಾಯಿತು. ಅಲ್ಲಿನ ಗೆಕೆಡು ಎಂಬ ಕಾಡು ಪ್ರದೇಶದಲ್ಲಿ ಎಬೋಲಾ ಎಂಬ ಮಾರಕ ಸಾಂಕ್ರಾಮಿಕ ರೋಗ ಕಾಣಿಸಿಕೊಂಡಿತ್ತು. ಲೈಬೀರಿಯಾ, ಸಿಯೆರಾ ಲಿಯೋನ್ ಎರಡರ ಗಡಿಯೂ ಅಲ್ಲಿಗೆ ಹತ್ತಿರ. ಸಂತೆಗೆ, ನೆಂಟರ ಮನೆಗೆ, ಸಾವಿಗೆ ಅಂತ ಜನ ಗಡಿ ದಾಟಿ ಓಡಾಡುತ್ತಲೇ ಇರುತ್ತಾರೆ. ರೋಗವೂ ಅವರ ಜೊತೆಗೇ ಹೋಯಿತು.

ಎಬೋಲಾ ತಡೆಯಬೇಕಾದರೆ ರೋಗಿಯನ್ನು ಮುಟ್ಟಿದವರನ್ನೆಲ್ಲ ಹುಡುಕಿ, 21 ದಿನ ಅವರ ಮೇಲೆ ಕಣ್ಣಿಟ್ಟಿರಬೇಕು. ರೋಗಿ ಊರಿನ ಹೆಸರು ಹೇಳುತ್ತಾನೆ. ಒಬ್ಬರು ಅದನ್ನು ಒಂದು ಥರ ಬರೆದುಕೊಳ್ಳುತ್ತಾರೆ, ಮತ್ತೊಬ್ಬರು ಇನ್ನೊಂದು ಥರ. ನಕ್ಷೆ ಬಿಡಿಸಿದರೆ ಆ ಜಾಗದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ!

ಅಲ್ಲಿ ಕೆಲಸ ಮಾಡುತ್ತಿದ್ದ 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಯಂಸೇವಕರ ತಂಡವನ್ನು ನಕ್ಷೆ ಮಾಡಿಕೊಡಿ ಅಂತ ಕೇಳಿಕೊಂಡಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಯಾರು ಬೇಕಾದರೂ ತಿದ್ದಬಹುದಾದ, ಎಲ್ಲರೂ ಉಚಿತವಾಗಿ ಬಳಸಬಹುದಾದ ನಕ್ಷೆ. 2004ರಲ್ಲಿ ಶುರುವಾದದ್ದು. ಕೆಲವೇ ದಿನಗಳಲ್ಲಿ ಬೇರೆ ಬೇರೆ ದೇಶಗಳ ಜನ ಮನೆಯಲ್ಲೇ ಕುಳಿತು ಗೆಕೆಡುವಿನ ಸಾವಿರಾರು ಕಟ್ಟಡಗಳನ್ನು ಗುರುತಿಸಿದರು.

ಹೇಗೆ ಗೊತ್ತಾ? ಇಡೀ ಪ್ರದೇಶವನ್ನು ಚೌಕಗಳಾಗಿ ಹಂಚುತ್ತಾರೆ. ನೀವು ಒಂದು ಚೌಕ ತೆಗೆದುಕೊಳ್ಳುತ್ತೀರಿ. ಉಪಗ್ರಹದ ಚಿತ್ರ ತೆರೆದುಕೊಳ್ಳುತ್ತದೆ. ಹಸಿರಿನ ನಡುವೆ ಕಂದು ಬಣ್ಣದ ಒಂದು ಚುಕ್ಕೆ. ಅದು ಬಂಡೆಯೋ, ಗುಡಿಸಲೋ? ಹತ್ತಿರ ಮಾಡಿಕೊಂಡು ನೋಡಿದರೆ ಪಕ್ಕದಲ್ಲಿ ನೆರಳು ಬಿದ್ದಿದೆ, ಸಣ್ಣ ಕಾಲುದಾರಿ ಅಲ್ಲಿಗೆ ಬಂದು ನಿಲ್ಲುತ್ತದೆ. ಹಾಗಾದರೆ ಮನೆಯೇ ಇರಬೇಕು. ಸೂರಿನ ಅಂಚಿಗೆ ಒಂದೊಂದೇ ಕ್ಲಿಕ್ ಮಾಡಿ ಸುತ್ತು ಮುಗಿಸುತ್ತೀರಿ. ನಿಮ್ಮ ಕೆಲಸವನ್ನು ಅನುಭವಸ್ಥರು ಇನ್ನೊಮ್ಮೆ ನೋಡುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಹೊಸಬರು ತಪ್ಪು ಮಾಡುವುದು ಸಹಜ ಅಲ್ವಾ?

ಆದರೆ ಎಷ್ಟು ಕಣ್ಣರಳಿಸಿ ನೋಡಿದರೂ ಸೂರಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದೇ. ದೂರದ ಸಾವಿರ ಕೈಗಳು ಮನೆ ತೋರಿಸಬಲ್ಲವು, ದಾರಿ ತೋರಿಸಬಲ್ಲವು. ಇದು ಯಾವ ಊರು, ಮಳೆಗಾಲದಲ್ಲಿ ಈ ಹಳ್ಳ ದಾಟಬಹುದಾ, ಇದನ್ನೆಲ್ಲ ಅಲ್ಲಿಯವರೇ ಹೇಳಬೇಕು. ಹಾಗೆಯೇ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಮನೆ ಬಾಗಿಲು ತಟ್ಟಿ, ಹೆದರಿದ ಜನರ ಜೊತೆ ಮಾತಾಡಲು ಮನುಷ್ಯರೇ ಹೋಗಬೇಕು. ಆ ಸಲ ಮೂರು ದೇಶಗಳಲ್ಲಿ 11,000ಕ್ಕೂ ಜಾಸ್ತಿ ಜನ ತೀರಿಕೊಂಡರು. ಅವರಲ್ಲಿ ನೂರಾರು ಆರೋಗ್ಯ ಕಾರ್ಯಕರ್ತರೂ ಇದ್ದರು.

ರೋಗ ಬಂದ ಮೇಲೆ ನಕ್ಷೆ ಬರೆಯಲು ಕೂತರೆ ತಡವಾಗುತ್ತದೆ. ಅದಕ್ಕೇ 2014ರ ಕೊನೆಯಲ್ಲಿ ರೆಡ್ ಕ್ರಾಸ್, 'ಗಡಿಯಿಲ್ಲದ ವೈದ್ಯರು' ಮತ್ತು ಆ ಸ್ವಯಂಸೇವಕರ ತಂಡ ಸೇರಿ 'ಮಿಸ್ಸಿಂಗ್ ಮ್ಯಾಪ್ಸ್' ಎಂಬ ಯೋಜನೆ ಶುರುಮಾಡಿದವು. ಮೊದಲು ದೂರದವರು ಗೆರೆ ಎಳೆಯುತ್ತಾರೆ. ಆಮೇಲೆ ಊರಿನವರು ಓಡಾಡಿ ಬೀದಿ, ಬಡಾವಣೆ, ಆಸ್ಪತ್ರೆಗಳ ಹೆಸರು ಸೇರಿಸುತ್ತಾರೆ.

ನೀವೂ ಒಮ್ಮೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರನ್ನು ಹುಡುಕಿ. ಕೆರೆ ಇದೆಯಾ? ಆರೋಗ್ಯ ಉಪಕೇಂದ್ರ? ಹಿಂದಿನ ಕೇರಿಗೆ ಹೋಗುವ ಮಣ್ಣುದಾರಿ? ಇಲ್ಲದಿದ್ದರೆ ನೀವೇ ಸೇರಿಸಬಹುದು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಯಾವ ಹೊಸಹಳ್ಳಿ ಅಂತ ನಿಮಗಂತೂ ಗೊತ್ತಲ್ಲ.

ನಮಸ್ಕಾರ.