ಗ್ಯಾರೇಜಿಗೆ ಹೋದಾಗ ಮಾತ್ರ ತಿರುಗುವ ಫ್ಯಾನು

ಕಾರಿನ ಹೀಟರ್ ಫ್ಯಾನ್ ಒಮ್ಮೆ ಓಡುತ್ತದೆ, ಇನ್ನೊಮ್ಮೆ ಸುಮ್ನೆ ಕೂರುತ್ತದೆ. ಗ್ಯಾರೇಜಿಗೆ ಒಯ್ದರೆ ಮಾತ್ರ ಒಳ್ಳೆ ಹುಡುಗನ ಹಾಗೆ ತಿರುಗುತ್ತದೆ. ನಿಮಗೂ ಆಗಿದೆ ಅಲ್ವಾ?

ನನಗೆ ಕೈಕೊಟ್ಟಿದ್ದು ಚಾರ್ಮಾಡಿ ಘಾಟಿಯಲ್ಲಿ, ಜುಲೈ ಮಳೆಯಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ನಾಲ್ಕು ಜನ ಒದ್ದೆ ಬಟ್ಟೆಯಲ್ಲೇ ಕಾರು ಹತ್ತಿದೆವು, ಎರಡು ತಿರುವು ಇಳಿಯುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಪೂರ್ತಿ ಮಂಜಾಯಿತು, ಬಿಸಿಗಾಳಿ ಬಿಡೋಣ ಅಂದರೆ ಫ್ಯಾನೇ ಇಲ್ಲ. ಹಿಂದೆ ಬಸ್ಸಿನ ಹಾರ್ನು. ಪಕ್ಕದಲ್ಲಿದ್ದ ಭಾವ ಟವೆಲ್‌ನಲ್ಲಿ ಗಾಜು ಒರೆಸುತ್ತಾ ಕೂತರು. ಆಮೇಲೆ ಚಕ್ರ ಒಂದು ಗುಂಡಿಗೆ ಧಡ್ ಅಂತ ಬಿತ್ತು ನೋಡಿ, ಫ್ಯಾನ್ ತಾನಾಗಿಯೇ ಶುರುವಾಯಿತು.

ಆ ಗುಂಡಿ ಕೊಟ್ಟ ಸುಳಿವನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಊರಿಗೆ ಬಂದು ಗ್ಯಾರೇಜಿಗೆ ಬಿಟ್ಟೆ. "ಮೋಟಾರ್ ಹೋಗಿದೆ ಸಾರ್" ಅಂದರು. ಮೀಟರ್ ಇಟ್ಟು ಅಳೆಯಲಿಲ್ಲ, ಏನೂ ಇಲ್ಲ. 3,800 ರೂಪಾಯಿ ಕೊಟ್ಟೆ. 12 ದಿನಕ್ಕೆ ಮತ್ತೆ ಅದೇ ಕಥೆ.

ಇಲ್ಲೇ ನನ್ನ ತಕರಾರು. ಬಿಟ್ಟು ಬಿಟ್ಟು ಬರುವ ತೊಂದರೆಯನ್ನು ಫ್ಯಾನ್ ನಿಂತಿರುವಾಗಲೇ ಹಿಡಿಯಬೇಕು. ಫ್ಯಾನ್ ಚೆನ್ನಾಗಿ ಓಡುತ್ತಿರುವಾಗ ಬಿಚ್ಚಿ ನೋಡಿ ಏನು ಪ್ರಯೋಜನ? ಕಾಯಿರಿ. ನಿಂತ ಕೂಡಲೇ ಗಾಡಿ ಬದಿಗೆ ಹಾಕಿ, ಕೀ ಆನ್‌ನಲ್ಲೇ ಇರಲಿ, ಸ್ವಿಚ್ಚನ್ನು ಕೊನೆಯ ಸ್ಪೀಡಿಗೆ ಇಡಿ.

ನಮ್ಮ ಹೆಚ್ಚಿನ ಕಾರುಗಳಲ್ಲಿ ಈ ಫ್ಯಾನ್ ತಿರುಗಿಸುವ ಬ್ಲೋವರ್ ಮೋಟಾರ್ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಎಸಿಗೂ ಹೀಟರ್‌ಗೂ ಅದೇ ಒಂದು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಿರುಗಿದರೆ ಒಳಗಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿರಬಹುದು. ಆದರೆ ತಟ್ಟಿದಾಗ ಪಕ್ಕದ ಕಪ್ಲರ್, ಅಂದರೆ ಮೋಟಾರಿಗೆ ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್ ಕೂಡ ಅಲುಗಾಡುತ್ತದೆ, ಹಾಗಾಗಿ ಅಷ್ಟಕ್ಕೇ ತೀರ್ಪು ಕೊಡಬೇಡಿ. ಕಪ್ಲರನ್ನು ಬೇರೆಯಾಗಿ ಅಲ್ಲಾಡಿಸಿ ನೋಡಿ. (ಕೊನೆಯ ಸ್ಪೀಡ್ ಮಾತ್ರ ಓಡಿ ಉಳಿದವು ಸತ್ತಿದ್ದರೆ ಅದು ಬಹುತೇಕ ಸ್ಪೀಡ್ ತಗ್ಗಿಸುವ ರೆಸಿಸ್ಟರ್, ಅದರ ಕಥೆ ಸುಲಭ.)

ಇನ್ನು ಮಲ್ಟಿಮೀಟರ್. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಕಪ್ಲರ್ ಬಿಚ್ಚಿ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ, ಕರೆಂಟ್ ಬರ್ತಿದೆ ಅಂದುಕೊಂಡು ಮೋಟಾರ್ ಬದಲಾಯಿಸುತ್ತೀರಿ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ! ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಇರುತ್ತದೆ, ತಿರುಗಿಸಿದರೆ ತಾನೇ ತೊಟ್ಟಿಕ್ಕುವುದು ಗೊತ್ತಾಗುವುದು. ಅದಕ್ಕೇ ಕಪ್ಲರ್ ಹಾಕಿದ ಹಾಗೇ ಇಟ್ಟು, ಹಿಂಬದಿಯಿಂದ ಮೀಟರಿನ ಪ್ರೋಬ್ (ಮೊನೆ) ತೂರಿಸಿ ಮೋಟಾರಿನ ಎರಡು ವೈರಿನ ನಡುವೆ ಅಳೆಯಿರಿ. ಮೋಟಾರಿನ ಪಿನ್ನಿಗೇ 12 ವೋಲ್ಟ್ ತಲುಪಿಯೂ ತಿರುಗದಿದ್ದರೆ ಮೋಟಾರ್ ತಪ್ಪಿತಸ್ಥ. ತಲುಪದಿದ್ದರೆ ಹಿಂದಕ್ಕೆ ಹುಡುಕಿ: ಕಪ್ಲರ್, ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು), ಫ್ಯಾನಿನ ಸ್ವಿಚ್ಚು. ಕೊನೆಯ ಸ್ಪೀಡಿನಲ್ಲೇ ಅಳೆಯಿರಿ ಅಂತ ಯಾಕೆ ಹೇಳಿದೆ ಅಂದರೆ, ಕೆಲವು ಕಾರುಗಳಲ್ಲಿ ರೆಸಿಸ್ಟರ್ ಅರ್ತ್ ಕಡೆಗೇ ಇರುತ್ತದೆ, ಕಡಿಮೆ ಸ್ಪೀಡಿನಲ್ಲಿ ಅಳೆದರೆ ಅರ್ತ್ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಏನು ಗೊತ್ತಾ? ಕಪ್ಲರ್. ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದೇ ಸುಟ್ಟ ಕಪ್ಲರನ್ನು ಹೊಸ ಮೋಟಾರಿಗೆ ಒತ್ತಿ ಕೂರಿಸಿದ್ದರು, ಕಣ್ಣಿಗೆ ಕಾಣುವ ಹಾಗೆ ಇತ್ತು ಮಾರಾಯ್ರೇ. ಲೆಕ್ಕ ಹಾಕಿ: ಫುಲ್ ಸ್ಪೀಡಿನಲ್ಲಿ 20 ಆಂಪಿಯರ್ ಹರಿಯುತ್ತದೆ ಅಂತ ಇಟ್ಟುಕೊಳ್ಳಿ, ಸಡಿಲ ಪಿನ್ನಿನಲ್ಲಿ 0.1 ಓಮ್ ತಡೆ ಇದ್ದರೂ ಸಾಕು, ಅಲ್ಲೇ 40 ವ್ಯಾಟ್ ಬಿಸಿ. ಮನೆಯಲ್ಲಿ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು! ಹಾಗಂತ ಹಳೆ ಮೋಟಾರ್ ಪೂರ್ತಿ ಸಾಚಾ ಅಂತಲೂ ಹೇಳಲಾರೆ, ಬಿಗಿಯಾದ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಕಪ್ಲರ್ ಸುಡುವುದುಂಟು. ಆದರೆ ಅದನ್ನೂ ಯಾರೂ ಅಳೆದಿರಲಿಲ್ಲವಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವೈರ್ ಸಮೇತ ಹೊಸ ಕಪ್ಲರ್ ತಂದೆ, 250 ರೂಪಾಯಿ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಅರ್ಧ ಗಂಟೆಯಲ್ಲಿ ಹಾಕಿದೆ. ಅಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದವರೊಬ್ಬರು "30 ಆಂಪಿಯರ್ ಫ್ಯೂಸ್ ತೆಗೆದು 40ರದ್ದು ಹಾಕಿಬಿಡಿ, ತೊಂದರೆನೇ ಬರಲ್ಲ" ಅಂತ ಸಲಹೆ ಕೊಟ್ಟರು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ, ಫ್ಯೂಸ್ ಹೋಗುವ ಮೊದಲು ವೈರೇ ಹೊತ್ತಿಕೊಂಡೀತು.