ಬೇಸಿಗೆಯಲ್ಲಿ ಹಕ್ಕಿಗೆ ಕಾದು ಕೂರುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಏಪ್ರಿಲ್ ಮೊದಲ ವಾರದ ಒಂದು ದಿನ. ಶಿರಸಿಯ ಹತ್ತಿರದ ನಮ್ಮೂರಿನ ಬೆಟ್ಟವನ್ನು ಬೆಳಿಗ್ಗೆ ಐದು ತಾಸು ಹತ್ತಿ ಇಳಿದು ನಾನು ಕಂಡದ್ದು ಒಂದು ಕೆಂಬೂತ, ಎರಡು ಕಾಗೆ. ದುರ್ಬೀನು ಕುತ್ತಿಗೆಗೆ ಭಾರವಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಸಂಜೆ ಚಾ ಲೋಟ ಹಿಡಿದು ಹಿತ್ತಿಲ ಜಗಲಿಯಲ್ಲಿ ಸುಮ್ಮನೆ ಕೂತೆ. ಎದುರಿಗೆ ಬಾವಿಕಟ್ಟೆ, ಅದರ ಪಕ್ಕ ಒಂದು ಕಲ್ಲುಮರಿಗೆ. ದನಗಳು ನೀರು ಕುಡಿಯಲೆಂದು ಅಜ್ಜ ತಂದು ಇರಿಸಿದ್ದು. ಈಗ ಕೊಟ್ಟಿಗೆಯಲ್ಲಿ ದನವಿಲ್ಲ. ಆದರೂ ರೂಢಿ ತಪ್ಪಬಾರದೆಂದು ದಿನಕ್ಕೊಂದು ಕೊಡ ನೀರು ಹಾಕುತ್ತೇವೆ.

ಐದೂವರೆಗೆ ಪಿಕಳಾರಗಳ ದಂಡು ಬಂತು. ಮದುವೆಮನೆಯ ಬಚ್ಚಲಿನಲ್ಲಿ ಹುಡುಗರು ಮೀಯುವ ಹಾಗೆ ಅವುಗಳ ಸ್ನಾನ. ಗದ್ದಲ, ನೂಕಾಟ, ಅರ್ಧ ನೀರು ಹೊರಗೆ. ಅವು ಹೋದ ಮೇಲೆ ಪೇರಲೆ ಕೊಂಬೆಗೆ ರಾಜಹಕ್ಕಿ ಬಂದು ಕೂತಿತು. ಬಿಳಿ ಮೈ, ಕಪ್ಪು ತಲೆ, ಮೊಳದುದ್ದದ ಎರಡು ಬಾಲದ ಗರಿ. ಅದು ನೀರಿಗೆ ಇಳಿಯಲಿಲ್ಲ. ಕೊಂಬೆಯಿಂದ ನೇರ ಕೆಳಗೆ ಬಿದ್ದು, ಎದೆಯನ್ನು ನೀರಿಗೆ ತಾಗಿಸಿ, ಅದೇ ಬೀಸಿನಲ್ಲಿ ಮತ್ತೆ ಕೊಂಬೆಗೆ ಏರಿತು. ಮೈ ಕೊಡವಿಕೊಂಡು ಇನ್ನೊಮ್ಮೆ. ಹೀಗೆ ಏಳೆಂಟು ಸಲ. ಪ್ರತಿ ಸಲವೂ ಆ ಉದ್ದ ಗರಿಗಳು ಒಂದು ಗಳಿಗೆ ತಡವಾಗಿ ಹಕ್ಕಿಯನ್ನು ಹಿಂಬಾಲಿಸುತ್ತಿದ್ದವು. ಬಣ್ಣಗಳೆಲ್ಲ ಮಾಸಿ ಕತ್ತಲು ಕವಿಯುವ ಹೊತ್ತಿಗೆ ತರಗೆಲೆಯ ಮೇಲೆ ಸಣ್ಣ ಸಪ್ಪಳ. ಕಿತ್ತಳೆ ಬಣ್ಣದ ತಲೆಯ ನೆಲಸಿಳ್ಳಾರ. ಮೂರು ಸಲ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬಂಟಿಯಾಗಿ ನಿಧಾನವಾಗಿ ಮಿಂದು ಹೋಯಿತು. ನನ್ನ ಚಾ ತಣ್ಣಗಾಗಿತ್ತು.

ಅಂದಿನಿಂದ ನಾನು ಬೇಸಿಗೆಯಲ್ಲಿ ಹಕ್ಕಿ ಹುಡುಕಿಕೊಂಡು ತಿರುಗುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ನೀರು ಎಲ್ಲೆಲ್ಲೂ ಇರುತ್ತದೆ, ಹಕ್ಕಿಯೂ ಎಲ್ಲೆಲ್ಲೂ ಹರಡಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳ ಬತ್ತಿ ಗುಂಡಿಗಳಷ್ಟೇ ಉಳಿದಾಗ ಲೆಕ್ಕ ತಿರುಗುತ್ತದೆ. ನೀರಿದ್ದಲ್ಲಿಗೆ, ಹಣ್ಣಿದ್ದಲ್ಲಿಗೆ ಅವೇ ಬರಬೇಕು. ನಾವು ಮೊದಲೇ ಹೋಗಿ ಕೂತಿದ್ದರೆ ಸಾಕು.

ಹಣ್ಣೆಂದರೆ ಮೊದಲು ನೆನಪಿಗೆ ಬರಬೇಕಾದದ್ದು ಗೋಳಿ, ಬಸರಿ, ಅತ್ತಿ. ಮಾವು, ಹಲಸು, ಮುರುಗಲು ಎಲ್ಲವೂ ತಮ್ಮ ಕಾಲ ಬಂದಾಗ ಒಟ್ಟಿಗೇ ಹಣ್ಣಾಗುತ್ತವೆ. ಅತ್ತಿಯ ಕುಲದ ಮರಗಳು ಹಾಗಲ್ಲ. ಒಂದೊಂದು ಮರಕ್ಕೂ ಒಂದೊಂದು ಪಂಚಾಂಗ. ಈ ಮರ ಮಾರ್ಚಿನಲ್ಲಿ ಹಣ್ಣಾದರೆ ಅರ್ಧ ಮೈಲು ಆಚೆಯದು ಮೇನಲ್ಲಿ. ಆದ್ದರಿಂದಲೇ ಬೇರೆ ಹಣ್ಣಿಗೆ ಬರ ಬಂದಾಗಲೂ ಕಾನಿನ ಹಕ್ಕಿಗಳ ಹೊಟ್ಟೆ ನಡೆಯುತ್ತದೆ. ಎಲ್ಲಿ ಯಾವ ಮರ ಹಣ್ಣಾಗಿದೆ ಎಂಬ ಸುದ್ದಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಮುರುಗಲು ಆರಿಸಲು ಹೋಗುವವರನ್ನು, ಬೆಟ್ಟಕ್ಕೆ ಸೊಪ್ಪಿಗೆ ಹೋಗುವವರನ್ನು ಕೇಳಬೇಕು.

ಅಂಥ ಮರದ ಎದುರು ಬೆಳಗಿನ ಆರೂವರೆಗೆ ಕೂತರೆ ಮೊದಲು ಕುಟುರ, ಆಮೇಲೆ ಹಸಿರು ಪಾರಿವಾಳ, ಬೆಟ್ಟದ ಗೊರವಂಕ. ಕೆಂದಳಿಲು ಬಂದರೆ ಮರವೆಲ್ಲ ತನ್ನದೇ ಎಂಬಂತೆ ಬೈಯುತ್ತದೆ. ಒಮ್ಮೆ ತಲೆಯ ಮೇಲೆ ಹಳೆಯ ತಿದಿ ಒತ್ತಿದಂಥ ಸದ್ದು ಕೇಳಿಸೀತು. ಅದು ದೊಡ್ಡ ಮಂಗಟ್ಟೆಯ ರೆಕ್ಕೆಯದು. ರೆಕ್ಕೆಯ ಗರಿಗಳ ಬುಡವನ್ನು ಒಳಗರಿಗಳು ಪೂರ್ತಿ ಮುಚ್ಚದೆ ಇರುವುದರಿಂದ ಗಾಳಿ ನಡುವೆ ನುಗ್ಗಿ ಆ ಸದ್ದು ಹುಟ್ಟುತ್ತದೆ. ಹಕ್ಕಿ ಕಾಣುವ ಮೊದಲೇ ಕೇಳಿಸುತ್ತದೆ. ದಾಂಡೇಲಿಯ ಕಡೆಗೆ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅವುಗಳಿಗಾಗಿಯೇ 2011ರಲ್ಲಿ ಅಲ್ಲಿ ಸಂರಕ್ಷಿತ ಪ್ರದೇಶ ಆಗಿದೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಹೆಚ್ಚಾಗಿ ಕೇಳಿಸುವುದು ಬೂದು ಮಂಗಟ್ಟೆಯ ಕೂಗು, ಯಾರೋ ಗಟ್ಟಿಯಾಗಿ ನಕ್ಕ ಹಾಗೆ.

ಈ ದಿನಗಳಲ್ಲಿ ಮಂಗಟ್ಟೆ ಒಂಟಿಯಾಗಿ ಕಂಡರೆ ಅದು ಬಹುಮಟ್ಟಿಗೆ ಗಂಡು. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಂಡು, ಕೊಕ್ಕಿನ ತುದಿ ಹೊರಬರುವಷ್ಟು ಸೀಳು ಬಿಟ್ಟುಕೊಂಡು ಕೂತಿರುತ್ತದೆ. ಗಂಡು ಗಂಟಲಲ್ಲಿ ತುಂಬಿಕೊಂಡು ಬಂದ ಹಣ್ಣನ್ನು ಒಂದೊಂದಾಗಿ ಹೊರತೆಗೆದು ಆ ಸೀಳಿನಲ್ಲಿ ಇಡುತ್ತದೆ. ಮರದ ಕೆಳಗೆ ಕ್ಯಾಮೆರಾ ಹಿಡಿದ ನಾಲ್ಕು ಜನ ನಿಂತಿದ್ದರೆ ಅದು ಹತ್ತಿರ ಬರುವುದಿಲ್ಲ. ಒಳಗಿನ ಬಾಣಂತಿಗೆ ಅಂದಿನ ಊಟವಿಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನೂ ನೋಡಿದ್ದೇನೆ. ಗೂಡು ಕಾಯುತ್ತಿರುವ ಹಕ್ಕಿಗೆ ಅದು ಅಂಗಳಕ್ಕೆ ಬಂದು ಜಗಳ ತೆಗೆದಂತೆ. ನನಗೆ ಆ ಪದ್ಧತಿ ಕಂಡರೆ ಆಗುವುದಿಲ್ಲ.

ಕೂರಿ ಎಂದೆ, ಎಲ್ಲಿ ಕೂರಬೇಕು ಎಂಬುದನ್ನೂ ಹೇಳಬೇಕು. ತರಗೆಲೆಯ ಮೇಲೆ ಖಂಡಿತ ಬೇಡ. ಉಂಬಳದ ಕಾಟ ಮಳೆಗಾಲಕ್ಕೆ, ಉಣುಗಿನ ಕಾಟ ಬೇಸಿಗೆಗೆ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆಗೂ ಬಂದಿದೆ. ಇದರ ಹಂಗಾಮು ಮೇ ತಿಂಗಳವರೆಗೂ ಇರುತ್ತದೆ. ಬಂಡೆಯ ಮೇಲೆ ಕೂರಿ. ತುಂಬುತೋಳಿನ ಅಂಗಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತೂರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದವರೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ.

ಕಾಡಿಗೆ ಹೋಗಲಾಗದವರು ತೋಟಕ್ಕೆ ಹೋಗಬಹುದು. ಹತ್ತು ಗಂಟೆಯ ಬಿಸಿಲಿಗೆ ಹಕ್ಕಿಗಳು ತೆಪ್ಪಗಾದ ಮೇಲೆ ಅಡಿಕೆ ತೋಟದಲ್ಲಿ ಹಾರುವ ಓತಿಯ ಕೆಲಸ ಶುರು. ಅಡಿಕೆ ಮರದ ಬೂದುಬಣ್ಣದ ತೊಗಟೆಯ ಮೇಲೆ ಅದು ಒಂದು ಕಲೆಯಂತೆ ಅಂಟಿಕೊಂಡಿರುತ್ತದೆ. ಕಣ್ಣಿಗೆ ಬೀಳುವುದು ಗಂಡಿನ ಗಂಟಲ ಕೆಳಗಿನ ಹಳದಿ ಚರ್ಮ. ಸಣ್ಣ ಬಾವುಟ ಎತ್ತಿ ಇಳಿಸಿದಂತೆ ಅದನ್ನು ಹೊರಚಾಚಿ ಒಳಗೆಳೆದುಕೊಳ್ಳುತ್ತದೆ. ಆ ಹಳದಿ ಕಂಡ ಮರವನ್ನು ಕಣ್ಣು ಕದಲಿಸದೆ ನೋಡುತ್ತಿರಿ. ಇರುವೆ ಹೆಕ್ಕುತ್ತ ಹೆಕ್ಕುತ್ತ ತುದಿಗೆ ಏರಿ, ಪಕ್ಕೆಲುಬುಗಳನ್ನು ಅಗಲಿಸಿ, ಚರ್ಮದ ರೆಕ್ಕೆ ಬಿಚ್ಚಿ, ಮುಂದಿನ ಮರದ ಬುಡದ ಕಡೆಗೆ ತೇಲಿಕೊಂಡು ಬರುತ್ತದೆ. ಇಳಿಯುವಾಗ ಕೊನೆಯ ಗಳಿಗೆಯಲ್ಲಿ ತಲೆ ಮೇಲಕ್ಕೆತ್ತಿ ಮರಕ್ಕೆ ಅಂಟಿಕೊಳ್ಳುವ ಚಂದವನ್ನು ನೂರು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು ಮಾತ್ರ.

ಘಟ್ಟ ಇಳಿದರೆ ಗಡಿಯಾರವೇ ಬೇರೆ. ಅಲ್ಲಿ ಸೂರ್ಯನಿಗಿಂತ ಚಂದ್ರನ ಲೆಕ್ಕ ಮುಖ್ಯ. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟಿದ ಅಘನಾಶಿನಿ, ಅಣೆಕಟ್ಟಿಲ್ಲದೆ ಹರಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುತ್ತದೆ. ಅದರ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣವೆಂಬ, ಜೌಗುಭೂಮಿಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರಿನ ಜೌಗು, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಕಾಂಡ್ಲಾ ಕಾಡು. ಇಳಿತದ ಹೊತ್ತಿಗೆ ಕೆಸರು ತೆರೆದುಕೊಂಡಾಗ ಬಳಚು ಚಿಪ್ಪು ತೆಗೆಯುವವರು ಇಳಿಯುತ್ತಾರೆ. ಅವರಿಂದ ನಾಲ್ಕು ಮಾರು ದೂರದಲ್ಲಿ ಬೆಳ್ಳಕ್ಕಿಗಳೂ ಇಳಿಯುತ್ತವೆ. ಉಬ್ಬರ ತುಂಬಿದಾಗ ಹೋದರೆ ಬರೀ ನೀರು ನೋಡಿಕೊಂಡು ಬರಬೇಕು. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಕೆಸರು ಹೆಚ್ಚು ತೆರೆಯುತ್ತದೆ. ತದಡಿಯ ಮೀನುಗಾರರನ್ನು ಕೇಳಿದರೆ ಬಾಯಲ್ಲೇ ಹೊತ್ತು ಹೇಳುತ್ತಾರೆ.

ಮಾರ್ಚ್ ಕೊನೆಯಲ್ಲಿ ಮರಳಿನ ಮೇಲೆ ಓಡಿ ನಿಂತು, ಓಡಿ ನಿಂತು ಹುಳು ಹೆಕ್ಕುವ ಪುಟ್ಟ ಹಕ್ಕಿಗಳನ್ನು ಗಮನಿಸಿ. ಪುಸ್ತಕಗಳಲ್ಲಿ ಅವಕ್ಕೆ ಸ್ಯಾಂಡ್ ಪ್ಲವರ್ ಎಂದು ಹೆಸರು. ಚಳಿಗಾಲವಿಡೀ ಮಣ್ಣುಬಣ್ಣದಲ್ಲಿ ಇದ್ದವುಗಳ ಎದೆ ಈಗ ಇಟ್ಟಿಗೆಯಂತೆ ಕೆಂಪೇರಿರುತ್ತದೆ. ಹಿಮಾಲಯ, ಟಿಬೆಟಿನ ಎತ್ತರಕ್ಕೆ ಗೂಡು ಕಟ್ಟಲು ಹೊರಟವರ ಮದುವೆಯ ಉಡುಪು ಅದು. ಹೊರಡುವ ವಯಸ್ಸಾಗದ ಕೆಲವು ಎಳೆಯವು ಮಳೆಗಾಲದಲ್ಲೂ ಇಲ್ಲೇ ಉಳಿಯುತ್ತವೆ.

ಕಾರವಾರಕ್ಕೆ ಈ ವಿದ್ಯೆ ಹೊಸದಲ್ಲ. 1890ರ ದಶಕದಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್, ಉಪ್ಪು ಮತ್ತು ಸುಂಕದ ಇಲಾಖೆಯ ಏಟ್ಕಿನ್ ಮೂವರೂ ಸೇರಿ ಕಂಬಳಿಹುಳುಗಳನ್ನು ಸಾಕಿ ಈ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದರು. ಡೇವಿಡ್‌ಸನ್ ಇಲ್ಲಿನ ಹಕ್ಕಿಗಳ ಬಗ್ಗೆಯೂ ಬರೆದ. ಆಗಿನವರ ಹಕ್ಕಿನೋಟದಲ್ಲಿ ಕೋವಿಯೂ ಇತ್ತು, ಮೊಟ್ಟೆ ಸಂಗ್ರಹವೂ ಇತ್ತು. ಬೆಲ್ ನಿವೃತ್ತಿಯ ನಂತರವೂ ಕಾರವಾರ ಬಿಡಲಿಲ್ಲ. 1948ರಲ್ಲಿ ಇಲ್ಲೇ ತೀರಿಕೊಂಡ. ಸರಕಾರಿ ನೌಕರರಿಗೆ ಆಗ ಅಷ್ಟೊಂದು ಬಿಡುವು ಎಲ್ಲಿಂದ ಸಿಗುತ್ತಿತ್ತೋ!

ಜೂನ್ ಹುಟ್ಟಿ ಮಳೆ ಹಿಡಿದರೆ ನನ್ನ ಕಣ್ಣು ಸೋಂದೆಯ ಮುಂಡಿಗೆಕೆರೆಯ ಕಡೆಗೆ. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಗದ್ದೆಯಲ್ಲಿ ಕಪ್ಪೆ, ಹುಳು, ಮೀನು ತುಂಬಿರುವಾಗ ಮರಿಗಳಿಗೆ ಉಣಿಸುವುದು ಸುಲಭ. ಇಡೀ ದಂಡು ಒಮ್ಮೆಲೇ ಬಂದಿಳಿಯುವುದಿಲ್ಲ. ಮೊದಲು ಕೆಲವೇ ಹಕ್ಕಿಗಳು ಬಂದು ಕೆರೆಯನ್ನು ಸುತ್ತು ಹಾಕಿ ಹೋಗುತ್ತವೆ. ಅವು ಸರ್ವೆ ಮಾಡಲು ಬಂದವು ಎಂದು ಊರವರು ಹೇಳುತ್ತಾರೆ. ಆ ಸರ್ವೆಯವರನ್ನು ಈ ವರ್ಷವಾದರೂ ನೋಡಬೇಕೆಂದು ಕೊಡೆಯನ್ನು ಮೊನ್ನೆಯೇ ರಿಪೇರಿಗೆ ಕೊಟ್ಟಿದ್ದೇನೆ.

ನಮಸ್ಕಾರ.