ಗಲ್ಫಿನಿಂದ ಬಂದು ಮಂಡಿ ಆಪರೇಷನ್ ಮಾಡಿಸಿಕೊಳ್ಳುವವರಿಗೆ

ಕೇಳುಗರಿಗೆ ನಮಸ್ಕಾರ. ದುಬೈ, ಅಬುಧಾಬಿಯಲ್ಲಿರುವ ನಮ್ಮವರು ಮಂಡಿಯ ಕೀಲು ಬದಲಿಸಿಕೊಳ್ಳಲು ಮಂಗಳೂರಿಗೋ ಬೆಂಗಳೂರಿಗೋ ಬರುವುದುಂಟು. ಅಲ್ಲಿಗಿಂತ ಇಲ್ಲಿ ಖರ್ಚು ಕಡಿಮೆ. ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿಯನ್ನೂ ಹಾಕಿತು. ಆದರೆ ದಿನಗಳ ಲೆಕ್ಕ ತಪ್ಪಿದರೆ ಈ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ.

ಹದಿನೈದು ದಿನ ರಜೆ ಹಾಕಿ ಬಂದರೆ ಸಾಲದು. ಹೊಲಿಗೆ ತೆಗೆಯುವುದೇ 10ರಿಂದ 14 ದಿನಕ್ಕೆ. ಆಮೇಲೂ ಕೆಲವು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ವಿಮಾನದಲ್ಲಿ ಕಾಲು ಮಡಚಿ ಅಲ್ಲಾಡದೆ ಕೂತರೆ ಅದು ಇನ್ನೂ ಹೆಚ್ಚು. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಆರು ವಾರವಾದರೂ ಕೈಯಲ್ಲಿಟ್ಟುಕೊಂಡು ಬನ್ನಿ. ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ. ಹೊರಡುವ ದಿನವನ್ನು ಸರ್ಜನ್ ಹೇಳಲಿ.

ಅಲ್ಲಿಂದ ಹೊರಡುವ ಮೊದಲೇ ನಿಂತ ಭಂಗಿಯಲ್ಲಿ ಮಂಡಿಯ ಎಕ್ಸ್‌ರೇ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆ ಮಟ್ಟ ಹೇಳುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಿ. ಹಲ್ಲನ್ನೂ ತೋರಿಸಿ. ಮಂಡಿಗೂ ಹಲ್ಲಿಗೂ ಏನು ಸಂಬಂಧ ಅನ್ನಬೇಡಿ. ಹಲ್ಲಿನ ಬುಡದ ಕೀವು ರಕ್ತದೊಡನೆ ಹರಿದು ಹೊಸ ಕೀಲಿಗೆ ತಗುಲಿದರೆ, ಹಾಕಿದ ಕೀಲನ್ನೇ ಬಿಚ್ಚಬೇಕಾದೀತು. ಕಾಲ್ಬೆರಳ ಸಂದಿಯ ಸಣ್ಣ ಹುಣ್ಣೂ ಅಷ್ಟೇ. ಇಂಥದ್ದು ಇಲ್ಲಿಗೆ ಬಂದ ಮೇಲೆ ಗೊತ್ತಾದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ರಜೆ ಕರಗುತ್ತದೆ.

ಪ್ಯಾಕೇಜ್ ದರ ಹೇಳಿದಾಗ ಬರಹದಲ್ಲಿ ಕೇಳಿ: ಕೀಲಿನ ಕಂಪನಿ, ಮಾಡೆಲ್ ಯಾವುದು? ಐಸಿಯುನಲ್ಲಿ ಒಂದು ದಿನ ಹೆಚ್ಚಾದರೆ ಎಷ್ಟು? ಮನೆಗೆ ಹೋದ ಮೇಲಿನ ಫಿಸಿಯೋಥೆರಪಿ ಸೇರಿದೆಯೇ? ಈ ಕೊನೆಯದನ್ನು ಹಲವರು ಬಿಟ್ಟುಬಿಡುತ್ತಾರೆ. ವ್ಯಾಯಾಮ ತಪ್ಪಿದರೆ ಮಂಡಿ ಬಿಗಿಯಾಗಿ, 90 ಡಿಗ್ರಿಯೂ ಮಡಚುವುದಿಲ್ಲ. ಕುರ್ಚಿಯಿಂದ ಏಳುವುದೇ ಕಷ್ಟ.

ನೋವಿಗೆ ಟ್ರಮಡಾಲ್ ಬರೆದಿದ್ದರೆ ಹುಷಾರಾಗಿರಿ. ಯುಎಇಯಲ್ಲಿ ಅದು ನಿಯಂತ್ರಿತ ಔಷಧ. ಮುಂಗಡ ಅನುಮತಿಯಿಲ್ಲದೆ ಒಯ್ಯಬೇಡಿ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಮಾತ್ರೆಯಲ್ಲೂ ಅದಿರಬಹುದು, ಸ್ಟ್ರಿಪ್ಪಿನ ಹಿಂಬದಿ ಓದಿ. ಬೇರೆ ಮಾತ್ರೆ ಬರೆಸಿಕೊಳ್ಳುವುದೇ ಮೇಲು.

ಡಿಸ್ಚಾರ್ಜ್ ದಿನ ಕೀಲಿನ ಸ್ಟಿಕ್ಕರ್ ಕೇಳಿ ಪಡೆಯಿರಿ. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತವೆ. ಮುಂದೆ ಯಾವ ಊರಿನಲ್ಲಾದರೂ ಆ ಮಂಡಿಯನ್ನು ಮತ್ತೆ ತೆರೆಯಬೇಕಾದರೆ ಅಲ್ಲಿನ ಸರ್ಜನ್‌ಗೆ ಬೇಕಾಗುವುದು ಅದೇ ಚೀಟಿ. ಫೋನಿನಲ್ಲಿ ಅದರ ಫೋಟೊ ಒಂದಿರಲಿ.